ಟೋಪಿ ಹಾಕ್ಕೊಂಡ್ರಾ, ಇಲ್ವಾ? ಇಬ್ಬರು ಕೂತು ಇತಿಹಾಸದ ನಾಟಕ ಬರೆಯೋ ಕಥೆ



ಹೋದ ವರ್ಷ ಮಳೆಗಾಲದಲ್ಲಿ ನಾನೂ ನನ್ನ ಜೊತೆಗಾರನೂ ಮೂರು ವಾರ ಮಾತು ಬಿಟ್ಟಿದ್ವಿ. ಏಳು ವರ್ಷದಿಂದ ಇಬ್ಬರೂ ಸೇರಿ ನಾಟಕ ಬರೀತಿದೀವಿ. ದುಡ್ಡಿನ ವಿಷಯಕ್ಕೆ ಯಾವತ್ತೂ ಜಗಳ ಆಗಿಲ್ಲ. ಜಗಳ ಆಡುವಷ್ಟು ದುಡ್ಡು ರಂಗಭೂಮಿಯಲ್ಲಿ ಬರೋದೂ ಇಲ್ಲ, ಅದು ಬೇರೆ ಮಾತು. ಪೋಸ್ಟರಿನಲ್ಲಿ ಯಾರ ಹೆಸರು ಮೊದಲು ಅನ್ನೋದಕ್ಕೂ ಆಗಿಲ್ಲ. ಆಗಿದ್ದು ಒಂದು ಟೋಪಿಗೆ. ಬಿಳಿ ಖಾದಿ ಟೋಪಿ, ಗಾಂಧಿ ಟೋಪಿ ಅಂತೀವಲ್ಲ, ಅದಕ್ಕೆ.

ಆ ಟೋಪಿಯ ಕಥೆ ಹೇಳಬೇಕು ಅಂದ್ರೆ ಮೊದಲು ಈಸೂರಿನ ಕಥೆ ಹೇಳಬೇಕು. ನಿಮ್ಮಲ್ಲಿ ಕೆಲವರು ಶಾಲೆಯ ಪಾಠದಲ್ಲಿ ಎರಡು ಸಾಲು ಓದಿರ್ತೀರಿ, ಪರೀಕ್ಷೆ ಮುಗಿದ ಮೇಲೆ ಮರೆತಿರ್ತೀರಿ. ನಾನೂ ಮರೆತಿದ್ದೆ.

ಶಿವಮೊಗ್ಗ ಜಿಲ್ಲೆ, ಶಿಕಾರಿಪುರ ತಾಲ್ಲೂಕು, ಈಸೂರು. 1942ರ ಆಗಸ್ಟ್‌ನಲ್ಲಿ ಗಾಂಧೀಜಿ 'ಭಾರತ ಬಿಟ್ಟು ತೊಲಗಿ' ಅಂದರು. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಈ ಊರಿನವರು ನಮ್ಮೂರಿಗೆ ಸ್ವಾತಂತ್ರ್ಯ ಬಂತು, ಇನ್ನು ನಾವು ಕಂದಾಯ ಕಟ್ಟಲ್ಲ ಅಂತ ಘೋಷಿಸಿಬಿಟ್ಟರು. ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿದರು. ತಮ್ಮದೇ ಸರ್ಕಾರ ಮಾಡಿಕೊಂಡರು. ಆ ಸರ್ಕಾರಕ್ಕೆ ಅಮಲ್ದಾರ, ಅಂದ್ರೆ ಈಗಿನ ತಹಸೀಲ್ದಾರ, ಒಬ್ಬ ಹುಡುಗ. ಸಬ್ ಇನ್ಸ್‌ಪೆಕ್ಟರ್ ಇನ್ನೊಬ್ಬ ಹುಡುಗ. ಇನ್ನೂ ಮೀಸೆ ಮೂಡದ ಮಕ್ಕಳು. ಇದು ನಾವು ಕಟ್ಟಿದ್ದಲ್ಲ, ನಿಜವಾಗಿ ನಡೆದದ್ದು. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮತ್ತೆ ಇದಕ್ಕೇ ಬರ್ತೀನಿ.

ಆಮೇಲೆ ನಿಜವಾದ ಅಮಲ್ದಾರರೂ ನಿಜವಾದ ಸಬ್ ಇನ್ಸ್‌ಪೆಕ್ಟರೂ ಊರಿಗೆ ಬಂದರು. ಊರಿನವರು ಅವರ ಮುಂದೆ ಖಾದಿ ಟೋಪಿ ಹಿಡಿದು, ಇದನ್ನ ಹಾಕ್ಕೊಳ್ಳಿ, ಈಗ ನೀವು ನಮ್ಮ ಸರ್ಕಾರದ ನೌಕರರು ಅಂದರು. ಮಾತಿಗೆ ಮಾತು ಬೆಳೀತು. ಪೊಲೀಸರ ಕಡೆಯಿಂದ ಗುಂಡು ಹಾರಿತು. ಜನ ರೊಚ್ಚಿಗೆದ್ದರು. ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಅಲ್ಲೇ ಸತ್ತರು. ಮುಂದಿನದು ಊಹಿಸಬಹುದು. ಊರಿಗೆ ಪಡೆ ಬಂತು, ಜನ ಕಾಡು ಸೇರಿದರು, ಮನೆಗಳು ಸುಟ್ಟವು, ಹೆಂಗಸರೂ ಜೈಲಿಗೆ ಹೋದರು. 1943ರ ಮಾರ್ಚ್‌ನಲ್ಲಿ ಐದು ಜನರನ್ನ ಗಲ್ಲಿಗೇರಿಸಿದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಗಲ್ಲು ಹಾಕಿದ್ದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ. ಈಗ ಅದು ಫ್ರೀಡಂ ಪಾರ್ಕ್. ಧರಣಿ ಕೂರೋಕೆ ಹೋಗ್ತೀವಲ್ಲ, ಅದೇ ಜಾಗ.

ಇದರಲ್ಲಿ ಒಂದು ಮುಳ್ಳಿದೆ. ಈಸೂರು ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಅಂದ್ರೆ ಆ ಟೋಪಿಯ ಎದುರು ನಿಂತವರು ಇಂಗ್ಲಿಷರಲ್ಲ, ಮಹಾರಾಜರ ಸರ್ಕಾರದ ಸಂಬಳ ತಗೊಳ್ತಿದ್ದ ನಮ್ಮವರು. ಸತ್ತವರೂ ನಮ್ಮವರೇ, ಗಲ್ಲಿಗೆ ಹೋದವರೂ ನಮ್ಮವರೇ. ಸಿನಿಮಾದಲ್ಲಾದರೆ ಕೆಂಪು ಕೋಟಿನ ಬಿಳಿಯ ಒಬ್ಬನನ್ನ ತಂದು ನಿಲ್ಲಿಸಿ, ಅವನ ಬಾಯಿಗೆ ಮುರುಕಲು ಕನ್ನಡ ಹಾಕಿ ಕೆಲಸ ಮುಗಿಸಬಹುದು. ಇಲ್ಲಿ ಆ ಸೌಲಭ್ಯ ಇಲ್ಲ.

ನನ್ನ ಜೊತೆಗಾರ ಶಿಕಾರಿಪುರದ ಕಡೆಯವನು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಅನ್ನೋ ಘೋಷಣೆ ಅವನಿಗೆ ಪಾಠ ಅಲ್ಲ, ಮನೆಮಾತು. ನಾನು ಬೆಂಗಳೂರಲ್ಲಿ ಬೆಳೆದವಳು. ಅವನು ಗಲ್ಲಿನ ದೃಶ್ಯ ಬರೆದ, ನಾನು ಟೋಪಿಯ ದೃಶ್ಯ ಬರೆದೆ. ಟೋಪಿ ಹಿಡಿದು ನಿಂತ ಜನರ ಎದುರು ಆ ಇನ್ಸ್‌ಪೆಕ್ಟರ್ ಒಂದು ಗಳಿಗೆ ಏನು ಯೋಚನೆ ಮಾಡಿರಬಹುದು? ನಾನು ಅವರ ಬಾಯಲ್ಲಿ ಒಂದು ಮಾತು ಇಟ್ಟೆ: "ಇದನ್ನ ಹಾಕ್ಕೊಂಡ್ರೆ ನಾಳೆ ನನ್ನ ಮಕ್ಕಳ ಅನ್ನ ಹೋಗುತ್ತೆ, ಹಾಕ್ಕೊಳ್ಳದಿದ್ರೆ ಇವತ್ತು ನನ್ನ ಜೀವ ಹೋಗುತ್ತೆ."

ಬರೆದಾಗ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಒಳ್ಳೇ ಮಾತು. ನಟನಿಗೆ ಹಿಡಿತ ಸಿಗುತ್ತೆ, ಪ್ರೇಕ್ಷಕರ ಕಣ್ಣು ತುಂಬುತ್ತೆ. ಅವನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಈ ಒಂದು ಮಾತಿಂದ ಇಡೀ ಊರನ್ನ ಕೊಲೆಗಾರರ ಗುಂಪು ಮಾಡಿಬಿಟ್ಟೆ ಮಾರಾಯ್ತಿ" ಅಂದ. "ಅವರು ಹೀಗೆ ಅಂದಿದ್ದನ್ನ ಯಾರು ಕೇಳಿದಾರೆ? ಗುಂಡು ಹಾರಿದ್ದನ್ನ ಮಾತ್ರ ಊರೆಲ್ಲ ಕೇಳಿದೆ." ನಾನು ಬಿಡಲಿಲ್ಲ. ನಾಟಕ ಅಂದ್ರೆ ಎರಡೂ ಕಡೆಯವರಿಗೂ ಬಾಯಿ ಇರಬೇಕು ಅಂದೆ. ಪುಸ್ತಕದಲ್ಲಿ ಓದಿದ್ದನ್ನೆಲ್ಲ ಅಂದೆ.

ಅದನ್ನ ಹಾಗೇ ಇಟ್ಟುಕೊಂಡು ಶಿವಮೊಗ್ಗದಲ್ಲಿ ಒಂದು ಸಣ್ಣ ಓದು ಇಟ್ಕೊಂಡ್ವಿ. ರಂಗಸಜ್ಜಿಕೆ ಇಲ್ಲ, ಬೆಳಕಿಲ್ಲ. ಕುರ್ಚಿ ಹಾಕ್ಕೊಂಡು ನಟರು ಓದೋದು, ಐವತ್ತು ಅರವತ್ತು ಜನ ಕೇಳೋದು. "ಟೋಪಿ ಹಾಕ್ಕೊಳ್ಳಿ ಸ್ವಾಮಿ" ಅನ್ನೋ ಮಾತು ಬಂದಾಗ ಹಿಂದಿನ ಸಾಲಿನ ಕಾಲೇಜು ಹುಡುಗರು ಕಿಸಕ್ಕನೆ ನಕ್ಕರು. ಯಾಕೆ ಅಂತ ನಿಮಗೆ ಗೊತ್ತಲ್ಲ. ಈಗ ಟೋಪಿ ಹಾಕೋದು ಅಂದ್ರೆ ಮೋಸ ಮಾಡೋದು. ಒಂದು ಕಾಲಕ್ಕೆ ಜನ ಜೀವ ಕೊಟ್ಟ ವಸ್ತು ಇನ್ನೊಂದು ಕಾಲಕ್ಕೆ ಬೈಗುಳವಾಗಿದೆ. ಆ ನಗು ನಮ್ಮ ನಾಟಕಕ್ಕೆ ಬೇಕಾದದ್ದೇ, ನಾವು ಹುಡುಕಿದ್ದರೂ ಸಿಗ್ತಿರಲಿಲ್ಲ.

ಓದು ಮುಗಿದ ಮೇಲೆ ಒಬ್ಬ ಹಿರಿಯರು ಎದ್ದು ನಿಂತರು. ಬಿಳಿ ಪಂಚೆ, ಕೈಯಲ್ಲಿ ಛತ್ರಿ. "ತಾಯೀ, ಆ ಇನ್ಸ್‌ಪೆಕ್ಟ್ರು ಮಕ್ಕಳ ಅನ್ನದ ಮಾತು ಆಡಿದ್ದು ಹೌದೇನು?"

"ಇಲ್ಲ ಸರ್, ಅದು ನಾವು ಬರೆದದ್ದು."

"ಅವರಿಗೆ ಮಕ್ಕಳಿದ್ದರೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದ್ರೆ ನಾನು ಹುಡುಕಿರಲೇ ಇಲ್ಲ. ಮಕ್ಕಳಿರ್ತಾರೆ ಅಂತ ಇಟ್ಕೊಂಡಿದ್ದೆ. ಅವರು ಸಿಟ್ಟು ಮಾಡಲಿಲ್ಲ. "ಚೆನ್ನಾಗಿದೆ. ಆದ್ರೆ ನನ್ನ ಮೊಮ್ಮಗ ನಾಳೆ ಇದನ್ನೇ ಇತಿಹಾಸ ಅಂತಾನೆ" ಅಂತ ಹೇಳಿ ಕೂತರು.

ವಾಪಸ್ ಬರುವ ಬಸ್ಸಲ್ಲಿ ಜೊತೆಗಾರ "ನಾನು ಹೇಳಿರಲಿಲ್ವಾ" ಅಂದ. ಅಷ್ಟೇ ಅಂದದ್ದು. ನನಗೆ ಎಲ್ಲಿತ್ತೋ ಸಿಟ್ಟು. ಕಡೂರು ದಾಟೋ ಹೊತ್ತಿಗೆ ಇಬ್ಬರೂ ಬೇರೆ ಬೇರೆ ಸೀಟಲ್ಲಿದ್ವಿ. ಮೂರು ವಾರ.

ಆ ಮೂರು ವಾರದಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಇಬ್ಬರು ಸೇರಿ ಇತಿಹಾಸದ ನಾಟಕ ಬರೆದವರು ಇನ್ಯಾರು ಇದ್ದಾರೆ, ಅವರು ಇದನ್ನ ಹೇಗೆ ನಿಭಾಯಿಸಿದರು ಅಂತ ಹುಡುಕಿದ್ದು. ನಮ್ಮಲ್ಲಿ ಐತಿಹಾಸಿಕ ನಾಟಕ ಅಂದ್ರೆ ಹೆಚ್ಚಾಗಿ ಒಂಟಿ ಕೆಲಸ. ಮೈಸೂರು ಅರಸರ ಬಗ್ಗೆ ನಾಟಕ ಬರೆದ ಸಂಸರು ಒಂಟಿ. ಕಾರ್ನಾಡರು 1964ರಲ್ಲಿ 'ತುಘಲಕ್' ಬರೆದಾಗ ಒಂಟಿ. ಹನ್ನೆರಡನೇ ಶತಮಾನದ ಕಲ್ಯಾಣ ಒಂದೇ, ಆದರೆ ಲಂಕೇಶರ 'ಸಂಕ್ರಾಂತಿ' ಬೇರೆ, ಶಿವಪ್ರಕಾಶರ 'ಮಹಾಚೈತ್ರ' ಬೇರೆ, ಕಾರ್ನಾಡರ 'ತಲೆದಂಡ' ಬೇರೆ. ಅವರವರ ಕಲ್ಯಾಣ ಅವರವರಿಗೆ. ಪಕ್ಕದಲ್ಲಿ ಕೂತು "ಇದು ಸುಳ್ಳು ಮಾರಾಯ್ತಿ" ಅನ್ನೋ ಇನ್ನೊಬ್ಬ ಇದ್ದಿದ್ದರೆ ಏನಾಗ್ತಿತ್ತು?

ಹಾಗೆ ಹುಡುಕಿದಾಗ ಸಿಕ್ಕವರು ಅಮೆರಿಕದ ಇಬ್ಬರು. ಜೆರೋಮ್ ಲಾರೆನ್ಸ್ ಮತ್ತು ರಾಬರ್ಟ್ ಇ. ಲೀ. ಇಬ್ಬರೂ ಒಹಾಯೋ ರಾಜ್ಯದವರು, ಆದರೆ ಭೇಟಿಯಾದದ್ದು ನ್ಯೂಯಾರ್ಕಿನಲ್ಲಿ, 1942ರಲ್ಲಿ. ಹೌದು, ಈಸೂರಿನ ವರ್ಷವೇ. ಕಾಕತಾಳೀಯ, ಆದರೂ ನನಗೆ ಒಂಥರಾ ಖುಷಿ ಆಯ್ತು. 1994ರಲ್ಲಿ ಲೀ ತೀರಿಕೊಳ್ಳುವವರೆಗೆ ಒಟ್ಟಿಗೆ ಬರೆದರು. ಐವತ್ತೆರಡು ವರ್ಷ! ನಮ್ಮದು ಏಳಕ್ಕೇ ಬಸ್ಸಲ್ಲಿ ಸೀಟು ಬದಲಾಯಿಸೋ ಮಟ್ಟಕ್ಕೆ ಬಂದಿತ್ತು.

ಇಬ್ಬರೂ ಮೂಲದಲ್ಲಿ ರೇಡಿಯೋದವರು. ಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಶುರುವಾದ ಆರ್ಮ್ಡ್ ಫೋರ್ಸಸ್ ರೇಡಿಯೋವನ್ನ ಕಟ್ಟಿದವರಲ್ಲಿ ಇವರೂ ಇದ್ದರು. ಕಿವಿಗೆ ಬರೆದು ಪಳಗಿದ ಕೈ. ನೀವು ಈಗ ಕೇಳ್ತಿರೋದೂ ಕಿವಿಗೆ ಬರೆದದ್ದೇ ಅಲ್ವಾ? ಪುಟದ ಮೇಲೆ ಚೆಂದ ಕಾಣೋ ವಾಕ್ಯ ಬಾಯಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ ಅನ್ನೋದು ಇಂಥವರಿಗೆ ಬೇಗ ಗೊತ್ತಾಗುತ್ತೆ.

ಅವರ ಅತಿ ಪ್ರಸಿದ್ಧ ನಾಟಕ 'ಇನ್ಹೆರಿಟ್ ದ ವಿಂಡ್'. ಹಿಂದಿನ ಕಥೆ ಇದು. 1925ರಲ್ಲಿ ಟೆನೆಸೀ ರಾಜ್ಯ ಒಂದು ಕಾನೂನು ಮಾಡಿತು: ಮನುಷ್ಯ ಕೆಳಗಿನ ಪ್ರಾಣಿಗಳಿಂದ ಬಂದ ಅಂತ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡೋ ಹಾಗಿಲ್ಲ. ಅಮೆರಿಕದ ನಾಗರಿಕ ಹಕ್ಕುಗಳ ಸಂಘ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿತು, ಈ ಕಾನೂನನ್ನ ಪರೀಕ್ಷೆಗೆ ಒಡ್ಡುವ ಮೇಷ್ಟರು ಸಿಕ್ಕರೆ ನಾವು ಕೇಸು ನಡೆಸ್ತೀವಿ ಅಂತ. ಡೇಟನ್ ಅನ್ನೋ ಸಣ್ಣ ಊರಿನ ನಾಲ್ಕು ಜನ ದೊಡ್ಡ ಮನುಷ್ಯರು ಔಷಧಿ ಅಂಗಡಿಯಲ್ಲಿ ಕೂತು, ಇದನ್ನ ನಮ್ಮೂರಲ್ಲೇ ಮಾಡಿಸಿದ್ರೆ ಊರಿಗೆ ಹೆಸರು ಬರುತ್ತೆ, ವ್ಯಾಪಾರ ಆಗುತ್ತೆ ಅಂತ ಲೆಕ್ಕ ಹಾಕಿದರು. ಜಾನ್ ಸ್ಕೋಪ್ಸ್ ಅನ್ನೋ 24ರ ಹರೆಯದ ಮೇಷ್ಟರನ್ನ ಕರೆಸಿ ಕೇಳಿದರು, ಅವನು ಒಪ್ಪಿಕೊಂಡ. ವಾದಕ್ಕೆ ಬಂದವರು ದೇಶದಲ್ಲೇ ದೊಡ್ಡ ಹೆಸರಿನವರು. ಸರ್ಕಾರದ ಕಡೆ ಮೂರು ಸಲ ಅಧ್ಯಕ್ಷ ಚುನಾವಣೆಗೆ ನಿಂತು ಸೋತ ವಿಲಿಯಂ ಜೆನ್ನಿಂಗ್ಸ್ ಬ್ರಯನ್. ಮೇಷ್ಟರ ಕಡೆ ವಕೀಲ ಕ್ಲಾರೆನ್ಸ್ ಡ್ಯಾರೋ. ವಿಚಾರಣೆಯನ್ನ ಶಿಕಾಗೋದ ಒಂದು ಕೇಂದ್ರ ರೇಡಿಯೋದಲ್ಲಿ ನೇರ ಪ್ರಸಾರ ಮಾಡಿತು. ಅಂದ್ರೆ ನೂರು ವರ್ಷದ ಹಿಂದಿನ ಲೈವ್.

ಲಾರೆನ್ಸ್ ಮತ್ತು ಲೀ ಇದನ್ನ ನಾಟಕ ಮಾಡಿದ್ದು ಮೂವತ್ತು ವರ್ಷ ಆದ ಮೇಲೆ. ರಂಗಕ್ಕೆ ಬಂದದ್ದು 1955ರಲ್ಲಿ, ಮೊದಲು ಡಲ್ಲಾಸ್, ಆಮೇಲೆ ಬ್ರಾಡ್‌ವೇ. ಆಗ ಅಮೆರಿಕದಲ್ಲಿ ಮೆಕಾರ್ಥಿಯ ಕಾಲ. ನೀನು ಕಮ್ಯುನಿಸ್ಟಾ, ನಿನ್ನ ಗೆಳೆಯ ಕಮ್ಯುನಿಸ್ಟಾ ಅಂತ ಕೇಳಿ ಕೇಳಿ ಬರಹಗಾರರ, ನಟರ, ಮೇಷ್ಟ್ರುಗಳ ಕೆಲಸ ಕಿತ್ತುಕೊಳ್ತಿದ್ದ ಕಾಲ. ಅದರ ಬಗ್ಗೆ ನೇರವಾಗಿ ಬರೆದಿದ್ದರೆ ರಂಗಮಂದಿರ ಯಾರು ಕೊಡ್ತಿದ್ದರು? ಹಾಗಾಗಿ ಕೋತಿಯ ಕೇಸು. ಬ್ರಾಡ್‌ವೇಯಲ್ಲಿ 806 ಪ್ರದರ್ಶನ ಆಯ್ತು. ನಮ್ಮಲ್ಲಿ 'ತುಘಲಕ್' ನೋಡಿದವರು ದೆಹಲಿಯ ಸುಲ್ತಾನನ ಹಿಂದೆ ನೆಹರೂ ಯುಗವನ್ನ ಕಂಡ ಹಾಗೆ, ಅಲ್ಲಿಯವರು ಡ್ಯಾರ್ವಿನ್ ಹಿಂದೆ ಮೆಕಾರ್ಥಿಯನ್ನ ಕಂಡರು.

ಈಗ ನನ್ನ ಟೋಪಿಗೆ ಸಂಬಂಧಪಟ್ಟ ವಿಷಯ. ಇವರು ಎಲ್ಲ ಹೆಸರುಗಳನ್ನೂ ಬದಲಾಯಿಸಿದರು. ಬ್ರಯನ್ ಬ್ರೇಡಿಯಾದ, ಡ್ಯಾರೋ ಡ್ರಮಂಡ್ ಆದ, ಸ್ಕೋಪ್ಸ್ ಕೇಟ್ಸ್ ಆದ, ಡೇಟನ್ ಊರು ಹಿಲ್ಸ್‌ಬರೋ ಆಯ್ತು. ಇದು ಇತಿಹಾಸ ಅಲ್ಲ ಅಂತ ಮುನ್ನುಡಿಯಲ್ಲೇ ಹೇಳಿಬಿಟ್ಟರು. ಹೇಳಿದ ಮೇಲೆ ಕೈಬಿಚ್ಚಿ ಕಟ್ಟಿದರು. ನಿಜದ ಸ್ಕೋಪ್ಸ್ ಒಂದು ದಿನವೂ ಜೈಲಲ್ಲಿ ಕೂತಿಲ್ಲ, ನಾಟಕದ ಕೇಟ್ಸ್ ಶುರುವಿನಲ್ಲೇ ಜೈಲಲ್ಲಿದ್ದಾನೆ. ಅವನಿಗೊಬ್ಬ ಪ್ರೇಯಸಿ, ಅವಳಿಗೊಬ್ಬ ಉಗ್ರ ಪಾದ್ರಿ ಅಪ್ಪ, ಇಬ್ಬರೂ ಇವರ ಸೃಷ್ಟಿ. ನಿಜದ ಬ್ರಯನ್ ತೀರ್ಪು ಬಂದ ಐದು ದಿನದ ಮೇಲೆ ಭಾನುವಾರ ಮಧ್ಯಾಹ್ನ ಮಲಗಿದಲ್ಲೇ ತೀರಿಕೊಂಡ. ನಾಟಕದ ಬ್ರೇಡಿ ಕೋರ್ಟಲ್ಲೇ ಭಾಷಣ ಮಾಡ್ತಾ ಕುಸಿಯುತ್ತಾನೆ. ದಂಡ ಮಾತ್ರ ಎರಡು ಕಡೆಯೂ ನೂರು ಡಾಲರ್. ನಿಜದಲ್ಲಿ ಆಮೇಲೆ ಮೇಲಿನ ಕೋರ್ಟು ಆ ತೀರ್ಪನ್ನ ರದ್ದು ಮಾಡಿತು. ಕಾರಣ ಡ್ಯಾರ್ವಿನ್ನೂ ಅಲ್ಲ, ಬೈಬಲ್ಲೂ ಅಲ್ಲ. ದಂಡದ ಮೊತ್ತ ನಿಗದಿ ಮಾಡಬೇಕಾದವರು ಜ್ಯೂರಿ, ಮಾಡಿದ್ದು ಜಡ್ಜು ಅನ್ನೋ ತಾಂತ್ರಿಕ ಕಾರಣ. ಇದನ್ನ ಇಟ್ಕೊಂಡು ಯಾರು ನಾಟಕ ಬರೀತಾರೆ ಹೇಳಿ.

ಕೊನೆಗೆ ಏನಾಯ್ತು ಅಂದ್ರೆ, ಹೆಸರು ಬದಲಾಯಿಸಿದ್ದು ಕೆಲಸಕ್ಕೆ ಬರಲಿಲ್ಲ. ನಾಟಕ ಗೆದ್ದಿತು, 1960ರಲ್ಲಿ ಸಿನಿಮಾ ಬಂತು, ಶಾಲೆಗಳಿಗೆ ಹೋಯ್ತು. ಎರಡು ತಲೆಮಾರಿನ ಅಮೆರಿಕನ್ನರ ಮನಸ್ಸಲ್ಲಿ ಸ್ಕೋಪ್ಸ್ ಕೇಸು ಅಂದ್ರೆ ಆ ನಾಟಕದ ಕೇಸೇ. ಹಳ್ಳಿಯವರೆಲ್ಲ ಕಲ್ಲು ಹಿಡಿದ ಮೂಢರು, ಮೇಷ್ಟರನ್ನ ಜೈಲಿಗೆ ಹಾಕಿದರು, ಮುದುಕ ಕೋರ್ಟಲ್ಲೇ ಸತ್ತ. ಇದನ್ನ ತಿದ್ದೋಕೆ ಇತಿಹಾಸಕಾರರು ಪುಸ್ತಕ ಬರೀಬೇಕಾಯ್ತು. ಎಡ್ವರ್ಡ್ ಲಾರ್ಸನ್ ಬರೆದ ಒಂದಕ್ಕೆ ಪುಲಿಟ್ಜರ್ ಬಹುಮಾನವೂ ಬಂತು. ಛತ್ರಿ ಹಿಡಿದ ಆ ಹಿರಿಯರು ಲಾರ್ಸನ್ ಓದಿರಲಿಕ್ಕಿಲ್ಲ. ಆದರೆ ನನ್ನ ಮೊಮ್ಮಗ ನಾಳೆ ಇದನ್ನೇ ಇತಿಹಾಸ ಅಂತಾನೆ ಅಂದ್ರಲ್ಲ, ಅದು ಇದೇ.

ನನಗೆ ಆ ನಾಟಕ ಇಷ್ಟ, ಸುಳ್ಳು ಹೇಳಲ್ಲ. ಆದರೆ ಡೇಟನ್ ಊರಿನವರ ಜಾಗದಲ್ಲಿ ಕೂತು ಓದಿದಾಗ ಸ್ವಲ್ಪ ನೋವಾಗುತ್ತೆ. ನಿಜದ ಡೇಟನ್‌ನಲ್ಲಿ ಜಾತ್ರೆ ಇತ್ತು, ದ್ವೇಷ ಅಷ್ಟಿರಲಿಲ್ಲ. ಊರಿನವರ ಮೈಮೇಲೆ ನಾಟಕಕಾರರು ಬೇರೆ ಯಾವುದೋ ಕಾಲದ ದ್ವೇಷ ತಂದು ಹಾಕಿದರು. ನನ್ನ ಜೊತೆಗಾರ ಈಸೂರಿನ ಬಗ್ಗೆ ಹೇಳಿದ್ದೂ ಇದನ್ನೇ ತಾನೆ? ಇದು ಹೊಳೆದಾಗ ರಾತ್ರಿ ಒಂದು ಗಂಟೆ. ಫೋನ್ ಎತ್ತಿ ಅವನಿಗೆ ಮೆಸೇಜ್ ಟೈಪ್ ಮಾಡಿದೆ, ಅಳಿಸಿದೆ. ಅಹಂಕಾರ ಅಷ್ಟು ಬೇಗ ಇಳಿಯಲ್ಲ.

ಇದೇ ಇಬ್ಬರು 1970ರಲ್ಲಿ ಇನ್ನೊಂದು ದಾರಿ ಹಿಡಿದರು. ಆ ನಾಟಕ ಹೆನ್ರಿ ಡೇವಿಡ್ ಥೋರೋ ಜೈಲಲ್ಲಿ ಕಳೆದ ಒಂದು ರಾತ್ರಿಯದು. ಥೋರೋ ಗೊತ್ತಲ್ಲ, ಗುಲಾಮಗಿರಿಗೂ ಮೆಕ್ಸಿಕೋ ಯುದ್ಧಕ್ಕೂ ಬೆಂಬಲವಾದ ಸರ್ಕಾರಕ್ಕೆ ತೆರಿಗೆ ಕಟ್ಟಲ್ಲ ಅಂತ 1846ರಲ್ಲಿ ಜೈಲಿಗೆ ಹೋದವನು. ಅವನ ಪ್ರಬಂಧವನ್ನ ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿದ್ದಾಗ ಓದಿದ್ದರು. ಗಾಂಧೀಜಿಯ ಮಾತು ಕೇಳಿ ಈಸೂರಿನವರು ಕಂದಾಯ ಕಟ್ಟಲ್ಲ ಅಂದರು. ದಾರಿ ಎಲ್ಲಿಂದ ಎಲ್ಲಿಗೆ ಬಂತು ನೋಡಿ. ಈ ನಾಟಕದಲ್ಲಿ ಲಾರೆನ್ಸ್ ಮತ್ತು ಲೀ ಹೆಸರು ಬದಲಾಯಿಸಲಿಲ್ಲ. ಥೋರೋ ಥೋರೋನೇ, ಎಮರ್ಸನ್ ಎಮರ್ಸನ್ನೇ. ಬದಲಾಯಿಸಿದ್ದು ಕಾಲವನ್ನ. ಜೈಲಿನ ಕೋಣೆಯೊಳಗೆ ಹಿಂದಿನದು ಮುಂದಿನದು ಎಲ್ಲ ಕಲಸಿ ಬರುತ್ತೆ, ನಡುವೆ ಯುದ್ಧದ ಕನಸೂ ಬರುತ್ತೆ. ನೋಡೋನಿಗೆ ಇದು ದಾಖಲೆ ಅಲ್ಲ, ಒಬ್ಬನ ತಲೆಯೊಳಗೆ ನಡೀತಿದೆ ಅಂತ ಹೇಳದೆಯೇ ತಿಳಿಯುತ್ತೆ. ಆಗ ವಿಯೆಟ್ನಾಂ ಯುದ್ಧ ನಡೀತಿತ್ತು, ಕಾಲೇಜು ಹುಡುಗರು ಕಡ್ಡಾಯ ಸೈನ್ಯ ಸೇವೆಯ ಚೀಟಿ ಸುಡ್ತಿದ್ದರು. ಇವರು ಈ ನಾಟಕವನ್ನ ಬ್ರಾಡ್‌ವೇಗೆ ಕೊಡಲೇ ಇಲ್ಲ. ಕಾಲೇಜು ತಂಡಗಳಿಗೆ, ಊರೂರಿನ ರಂಗತಂಡಗಳಿಗೆ ಕೊಟ್ಟರು. ನೂರಕ್ಕೂ ಹೆಚ್ಚು ಕಡೆ ಆಡಿದರು. ಪ್ರೇಕ್ಷಕ ಎಲ್ಲಿದ್ದಾನೋ ಅಲ್ಲಿಗೇ ಹೋಗೋದು ಅಂದ್ರೆ ಇದು.

ಈಗಿನವರಲ್ಲೂ ಇಂಥ ಜೋಡಿ ಇದೆ. ನಿಮ್ಮಲ್ಲಿ ಕೆಲವರ ಫೋನಿನಲ್ಲಿ ಅವರ ಹಾಡುಗಳೂ ಇರಬಹುದು. ಟೋಬಿ ಮಾರ್ಲೋ, ಲೂಸಿ ಮಾಸ್. ಕೇಂಬ್ರಿಡ್ಜ್ ವಿದ್ಯಾರ್ಥಿಗಳಾಗಿದ್ದಾಗ ಬರೆದ 'ಸಿಕ್ಸ್' 2017ರಲ್ಲಿ ಎಡಿನ್‌ಬರೋದ ಫ್ರಿಂಜ್ ಉತ್ಸವದಲ್ಲಿ ಶುರುವಾಗಿ ಬ್ರಾಡ್‌ವೇವರೆಗೆ ಹೋಯ್ತು, 2022ರಲ್ಲಿ ಸಂಗೀತಕ್ಕೆ ಟೋನಿ ಪ್ರಶಸ್ತಿ ಬಂತು. ಎಂಟನೇ ಹೆನ್ರಿಯ ಆರು ಜನ ಹೆಂಡತಿಯರು ಪಾಪ್ ಬ್ಯಾಂಡ್ ಕಟ್ಟಿಕೊಂಡು ಮೈಕ್ ಹಿಡಿದು ಬರ್ತಾರೆ. ರಾಜ ರಂಗದ ಮೇಲೆ ಬರೋದೇ ಇಲ್ಲ. ಇದನ್ನ ನೋಡಿ 16ನೇ ಶತಮಾನದಲ್ಲಿ ಮೈಕ್ ಇತ್ತು ಅಂತ ಯಾರೂ ಅಂದುಕೊಳ್ಳಲ್ಲ. ಸುಳ್ಳನ್ನ ಅಷ್ಟು ಹೊಳೆಯೋ ಬಟ್ಟೆಯಲ್ಲಿ ನಿಲ್ಲಿಸಿದರೆ ಅದು ಮೋಸ ಆಗಲ್ಲ ಅನ್ನೋದನ್ನ ನಾನು ಇವರಿಂದ ಕಲಿತೆ. ಸುಳ್ಳು ನಿಜದ ಪಂಚೆ ಉಟ್ಟುಕೊಂಡು ಬಂದಾಗಲೇ ತೊಂದರೆ. ನನ್ನ ಇನ್ಸ್‌ಪೆಕ್ಟರ ಮಾತು ಅಂಥದ್ದು.

ಮೂರನೇ ವಾರದ ಕೊನೆಗೆ ಅವನೇ ವಾಟ್ಸಾಪಿನಲ್ಲಿ ಒಂದು ವಾಯ್ಸ್ ನೋಟ್ ಕಳಿಸಿದ. ಹಿಂದೆ ಮಳೆಯ ಸದ್ದು. "ನೀನು ಬರೆದದ್ದು ತೆಗೀಬೇಡ. ಆದ್ರೆ ಹಸಿರು ಯಾವುದು, ಕೆಂಪು ಯಾವುದು ಅಂತ ಮೊದಲು ನೋಡೋಣ."

ಅರ್ಥ ಆಗಿಲ್ಲ ಅಲ್ವಾ? ನಮ್ಮದೊಂದು ಹಳೇ ಪದ್ಧತಿ ಇತ್ತು, ಈ ನಾಟಕದಲ್ಲಿ ಸೋಮಾರಿತನಕ್ಕೆ ಬಿಟ್ಟಿದ್ವಿ. ಹಸ್ತಪ್ರತಿ ಇರೋದು ಗೂಗಲ್ ಡಾಕ್‌ನಲ್ಲಿ. ದಾಖಲೆಯಲ್ಲಿ ಇರೋದಕ್ಕೆ ಹಸಿರು ಬಣ್ಣ. ಜನ ಹೇಳ್ತಾರೆ, ಆದರೆ ಕಾಗದದಲ್ಲಿ ಇಲ್ಲ ಅನ್ನೋದಕ್ಕೆ ಹಳದಿ. ನಾವೇ ಕಟ್ಟಿದ್ದಕ್ಕೆ ಕೆಂಪು. ಅವತ್ತು ರಾತ್ರಿ ಇಬ್ಬರೂ ಬೇರೆ ಬೇರೆ ಊರಲ್ಲಿ ಕೂತು ಒಂದೇ ಡಾಕ್‌ಗೆ ಬಣ್ಣ ಹಚ್ಚಿದ್ವಿ. ಅವನ ಕರ್ಸರ್ ಓಡಾಡೋದು ನನಗೆ ಕಾಣ್ತಿತ್ತು. ಮಾತಿಲ್ಲ, ಆದರೂ ಜೊತೆಗಿದ್ದ ಹಾಗಿತ್ತು.

ಮುಗಿದಾಗ ನಾಚಿಕೆ ಆಯ್ತು. ನನ್ನ ಟೋಪಿಯ ದೃಶ್ಯ ಪೂರ್ತಿ ಕೆಂಪು. ಅವನ ಗಲ್ಲಿನ ದೃಶ್ಯ, ಅವನು ಅಷ್ಟು ಹೆಮ್ಮೆಯಿಂದ ಬರೆದದ್ದು, ಐವರು ಹಗ್ಗದ ಮುಂದೆ ಆಡೋ ಮಾತುಗಳು, ಅದೂ ಪೂರ್ತಿ ಕೆಂಪು! ನಾನು ಫೋನ್ ಮಾಡಿದೆ. "ನಿನ್ನ ಹುತಾತ್ಮರ ಮಾತು ಯಾರು ಕೇಳಿದಾರೆ ಮಾರಾಯ?" ಅವನು ಜೋರಾಗಿ ನಕ್ಕ. ಮೂರು ವಾರದ ಮೇಲೆ ಕೇಳಿದ ನಗು.

ಆಮೇಲೆ ಕೆಲಸ ಶುರುವಾಯ್ತು. ಹೆಸರು ಬದಲಾಯಿಸೋಣ್ವಾ ಅಂತ ನಾನು ಕೇಳಿದೆ, ಹಿಲ್ಸ್‌ಬರೋ ಮಾಡಿದ ಹಾಗೆ. ಅವನು ಖಡಾಖಂಡಿತ ಇಲ್ಲ ಅಂದ. ಈಸೂರು ಅನ್ನೋ ಹೆಸರು ತೆಗೆದರೆ ಆ ಘೋಷಣೆಯ ಪ್ರಾಸವೇ ಹೋಗುತ್ತೆ, ಪ್ರಾಸ ಹೋದರೆ ಊರೇ ಹೋಗುತ್ತೆ. ಸರಿ ಅನ್ನಿಸ್ತು. ಹಾಗಾದರೆ ಕೆಂಪನ್ನ ಕೆಂಪು ಅಂತ ಪ್ರೇಕ್ಷಕರಿಗೆ ತೋರಿಸೋದು ಹೇಗೆ? ಸೂತ್ರಧಾರನ ಕೈಲಿ ಹೇಳಿಸೋದು ಹಳೇ ಉಪಾಯ. ಪರದೆ ಮೇಲೆ ಅಕ್ಷರ ಹಾಕೋದು ಇನ್ನೂ ಬೇಸರ.

ಉತ್ತರ ಮೊದಲ ದಿನದಿಂದಲೂ ಕಣ್ಣ ಮುಂದೇ ಇತ್ತು, ಹಸಿರು ಬಣ್ಣದಲ್ಲಿ. ಊರಿನವರೇ ಇಬ್ಬರು ಹುಡುಗರನ್ನ ಅಮಲ್ದಾರ, ಇನ್ಸ್‌ಪೆಕ್ಟರ್ ಅಂತ ನೇಮಿಸಿದ್ದರು. ಅಂದ್ರೆ ಪಾತ್ರ ಹಂಚಿಕೆ ಆ ಊರು 1942ರಲ್ಲೇ ಮಾಡಿಟ್ಟಿದೆ. ಹಾಗಾಗಿ ನಮ್ಮ ನಾಟಕದಲ್ಲಿ ನಿಜವಾದ ಅಧಿಕಾರಿಗಳು ಬರೋದೇ ಇಲ್ಲ. ಅವರ ಪಾತ್ರವನ್ನೂ ಆ ಇಬ್ಬರು ಹುಡುಗರೇ ಆಡ್ತಾರೆ, ದೊಡ್ಡವರ ಕೋಟು ಹಾಕ್ಕೊಂಡು. ನೋಡೋರಿಗೆ ಕ್ಷಣಕ್ಷಣಕ್ಕೂ ಗೊತ್ತಿರುತ್ತೆ, ಇದು ಮಕ್ಕಳು ಆಡ್ತಿರೋ ಆಟ, ಅಲ್ಲಿ ನಿಜವಾಗಿ ಆಡಿದ ಮಾತು ಇದಲ್ಲ ಅಂತ. ಟೋಪಿ ಮುಂದೆ ಬಂದಾಗ ಇನ್ಸ್‌ಪೆಕ್ಟರ್ ಆದ ಹುಡುಗ ಏನೂ ಮಾತಾಡಲ್ಲ. ನಿಂತಿರ್ತಾನೆ. ಮಕ್ಕಳ ಅನ್ನದ ನನ್ನ ಮಾತು ಹೋಯ್ತು. ಅವನ ಗಲ್ಲಿನ ಮಾತುಗಳೂ ಹೋದವು. ಐದು ಹೆಸರು ಮಾತ್ರ ಓದ್ತೀವಿ. ಅದೇ ದನಿಯಲ್ಲಿ ಸತ್ತ ಇಬ್ಬರು ಅಧಿಕಾರಿಗಳ ಹೆಸರನ್ನೂ ಓದಬೇಕು ಅನ್ನೋದು ನನ್ನ ವಾದ. ಓದಬೇಕು, ಆದರೆ ಅದೇ ಉಸಿರಲ್ಲಿ ಬೇಡ ಅನ್ನೋದು ಅವನ ವಾದ. ಇದು ಇನ್ನೂ ತೀರ್ಮಾನ ಆಗಿಲ್ಲ. ಆ ಸಾಲು ಡಾಕ್‌ನಲ್ಲಿ ಬಣ್ಣ ಇಲ್ಲದೆ ಹಾಗೇ ಇದೆ.

ಆ ಹಿರಿಯರನ್ನ ಮೊದಲ ಪ್ರಯೋಗಕ್ಕೆ ಕರೀಬೇಕು ಅಂತ ಇದೆ. ನಂಬರ್ ತಗೊಂಡಿರಲಿಲ್ಲ, ಹುಡುಕ್ತಿದೀವಿ.

ತಾಲೀಮು ಶುರುವಾಗಿದೆ. ಇನ್ಸ್‌ಪೆಕ್ಟರ್ ಪಾತ್ರದ ಹುಡುಗ ಏಳನೇ ಕ್ಲಾಸು. ಹೋದ ಭಾನುವಾರ ಮೊದಲ ಸಲ ಆ ಖಾದಿ ಟೋಪಿ ಕೊಟ್ಟು ನೋಡಿದ್ವಿ. ತಲೆಗೆ ದೊಡ್ಡದಾಯ್ತು, ಜಾರಿ ಕಣ್ಣು ಮುಚ್ಚಿಬಿಡ್ತು. ಮಕ್ಕಳೆಲ್ಲ ನಕ್ಕರು. ವಸ್ತ್ರ ನೋಡ್ಕೊಳ್ಳೋ ಅಕ್ಕ, ಕೊಡಿ ಎರಡು ಹೊಲಿಗೆ ಹಾಕಿ ಸಣ್ಣ ಮಾಡಿಕೊಡ್ತೀನಿ ಅಂದ್ರು. ನನ್ನ ಜೊತೆಗಾರ ಕೈ ಅಡ್ಡ ಹಿಡಿದ.

"ಬೇಡ ಅಕ್ಕಾ, ಹಾಗೇ ಇರಲಿ."